ಎರಡು ಸ್ಪಾಟಿಂಗ್ ಸ್ಕೋಪ್ ಜೋಡಿಸಿ ಮನೆಯಲ್ಲೇ ದೊಡ್ಡ ದುರ್ಬೀನು ಮಾಡುವುದು

ಅಮ್ಮನಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದಕ್ಕೆ ಬರುವುದಿಲ್ಲ. ತುಮಕೂರಿನ ನಮ್ಮ ಮನೆ ತಾರಸಿಯ ಮೇಲೆ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಲ್ಲಿ ನೋಡುವ ಚಿಕ್ಕ ದೂರದರ್ಶಕ) ಇಟ್ಟು ಚಂದ್ರನನ್ನು ತೋರಿಸಿದಾಗಲೆಲ್ಲ ಅವರು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಆಗ ಬಲಗಣ್ಣೂ ಅರ್ಧ ಮುಚ್ಚಿಹೋಗುತ್ತಿತ್ತು. "ಏನೋ ಬೆಳ್ಳಗೆ ಕಾಣುತ್ತೆ ಕಣೋ" ಅಂದು ಪಕ್ಕಕ್ಕೆ ಸರಿಯುತ್ತಿದ್ದರು. ಪಕ್ಕದ ಮನೆಯ ಚಿಕ್ಕ ಮಕ್ಕಳದ್ದೂ ಇದೇ ಪಾಡು. ಸ್ಕೋಪ್ ಚೆನ್ನಾಗಿಯೇ ಇತ್ತು, ಚಂದ್ರನೂ ಚೆನ್ನಾಗಿಯೇ ಇದ್ದ. ನೋಡುವ ಕಣ್ಣಿಗೆ ಮಾತ್ರ ಆರಾಮ ಇರಲಿಲ್ಲ.

ಅದಕ್ಕೇ ಒಂದೇ ಥರದ ಎರಡು ಸ್ಕೋಪ್ ಅಕ್ಕಪಕ್ಕ ಕೂರಿಸಿ ದುರ್ಬೀನು ಮಾಡಿದೆ. ಇದೇನೂ ಹೊಸ ಆಸೆ ಅಲ್ಲ. 1608ರಲ್ಲಿ ಹಾಲೆಂಡಿನಲ್ಲಿ ಹ್ಯಾನ್ಸ್ ಲಿಪ್ಪರ್‌ಶೇ ತನ್ನ ದೂರದರ್ಶಕಕ್ಕೆ ಹಕ್ಕು ಕೇಳಿ ಅರ್ಜಿ ಹಾಕಿದಾಗ, ಅಲ್ಲಿನ ಸರ್ಕಾರ ಎರಡೂ ಕಣ್ಣಲ್ಲಿ ನೋಡುವಂಥದ್ದನ್ನು ಮಾಡಿಕೊಡು ಅಂದಿತು. ಅವನು ಅದೇ ವರ್ಷ ಮಾಡಿಯೂ ಕೊಟ್ಟ. ಅಂದರೆ ದೂರದರ್ಶಕ ಹುಟ್ಟಿದ ವರ್ಷವೇ ಜನ ಎರಡು ಕಣ್ಣಿನದ್ದನ್ನು ಕೇಳಿದ್ದರು.

80 ಮಿ.ಮೀ. ಲೆನ್ಸಿನ ಎರಡು ಸ್ಕೋಪ್ ಸೇರಿದರೆ ಬೆಳಕು ಹಿಡಿಯುವ ಜಾಗ 113 ಮಿ.ಮೀ.ಯ ಒಂದೇ ಲೆನ್ಸಿನಷ್ಟಾಗುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡ ಲಾಭ ಕಂಡಿದ್ದು ಸುಮ್ನೆ ಕೂತು ನೋಡುವ ನೆಮ್ಮದಿಯಲ್ಲಿ. ಎರಡು ಕಣ್ಣೂ ತೆರೆದಿದ್ದರೆ ಮುಖ ಸಡಿಲವಾಗಿರುತ್ತದೆ. ಹತ್ತು ನಿಮಿಷ ನೋಡಿದರೂ ಸುಸ್ತಾಗುವುದಿಲ್ಲ. ಮಸುಕಾದ ಚುಕ್ಕೆ ನಿಜವಾಗಿ ಇದೆಯಾ ಇಲ್ಲವಾ ಅನ್ನುವ ಅನುಮಾನ ಕಡಿಮೆಯಾಗುತ್ತದೆ.

ಈ ಕೆಲಸದಲ್ಲಿ ಕಷ್ಟ ಇರುವುದು ಎರಡೇ ಕಡೆ. ಒಂದು, ಕೊಳ್ಳುವುದಕ್ಕೆ ಮುಂಚೆ ಅಳತೆ ನೋಡುವುದು. ಇನ್ನೊಂದು, ಕಟ್ಟಿ ಮುಗಿಸಿದ ಮೇಲೆ ಎರಡೂ ಕೊಳವೆ ಒಂದೇ ಕಡೆ ನೋಡುವ ಹಾಗೆ ಕೂಡಿಸುವುದು. ನಡುವಿನ ಕೊರೆಯುವ, ಬಿಗಿಯುವ ಕೆಲಸ ಯಾರಾದರೂ ಮಾಡಬಹುದು. ಹಾಗಾಗಿ ಆ ಎರಡರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಮೊದಲು ಕಣ್ಣು ಅಳೆಯಿರಿ, ಆಮೇಲೆ ಸ್ಕೋಪ್

ನನ್ನ ಮೊದಲ ತಪ್ಪು ಹೇಳಿಬಿಡುತ್ತೇನೆ. ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸು, 45 ಡಿಗ್ರಿ ಮೇಲಕ್ಕೆ ಬಾಗಿರುವ 80 ಮಿ.ಮೀ. ಸ್ಕೋಪ್ ಒಂದು ಮನೆಯಲ್ಲಿತ್ತು. ಅದೇ ಮಾದರಿಯ ಇನ್ನೊಂದನ್ನು ತರಿಸಿದೆ. ಎರಡನ್ನೂ ಮೇಜಿನ ಮೇಲೆ ಅಂಟಿಸಿ ಇಟ್ಟರೂ ಐಪೀಸುಗಳ ನಡುವೆ 9 ಸೆಂಟಿಮೀಟರಿಗೂ ಜಾಸ್ತಿ ಅಂತರ. ನನ್ನ ಕಣ್ಣಿನ ಅಂತರ 62 ಮಿ.ಮೀ. ಅದನ್ನು ಯಾವ ಸ್ಟ್ಯಾಂಡೂ ಸರಿಮಾಡುವ ಹಾಗಿರಲಿಲ್ಲ. ಎರಡನೆಯದನ್ನು ಮಾರಬೇಕಾಯಿತು.

ಕಣ್ಣಿನ ಅಂತರ ಅಂದರೆ ಎರಡು ಕಣ್ಣುಪಾಪೆಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಇರುವ ದೂರ. ಹೆಚ್ಚಿನ ದೊಡ್ಡವರಿಗೆ ಅದು 54ರಿಂದ 74 ಮಿ.ಮೀ. ಒಳಗೆ ಇರುತ್ತದೆ, ಸರಾಸರಿ 63ರ ಹತ್ತಿರ. ಅಳೆಯುವುದು ಸುಲಭ. ಕನ್ನಡಿ ಮುಂದೆ ನಿಂತು ಸ್ಕೇಲನ್ನು ಹುಬ್ಬಿಗೆ ಒತ್ತಿ ಹಿಡಿಯಿರಿ. ಬಲಗಣ್ಣು ಮುಚ್ಚಿ, ಸೊನ್ನೆ ಗೆರೆ ಎಡಗಣ್ಣಿನ ಪಾಪೆಯ ನಡುವೆ ಬರುವ ಹಾಗೆ ಇಡಿ. ಸ್ಕೇಲ್ ಕದಲಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು, ಅದರ ಪಾಪೆಯ ಮೇಲೆ ಎಷ್ಟು ಬಂತು ಓದಿ. ಮೂರು ಸಲ ಮಾಡಿ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ದುರ್ಬೀನು ಯಾರು ಯಾರು ನೋಡುತ್ತಾರೋ ಅವರೆಲ್ಲರದ್ದೂ ಬರೆದಿಡಿ. ನಮ್ಮಮ್ಮನದ್ದು 58 ಬಂತು. ಒಂದು ಕಣ್ಣು ಮುಚ್ಚಲು ಬಾರದವರಿಗೆ ಇನ್ನೊಬ್ಬರು ಎದುರು ಕೂತು, ದೂರ ನೋಡಿ ಅಂತ ಹೇಳಿ ಅಳೆಯಬೇಕು.

ಈಗ ಯಾವ ಸ್ಕೋಪ್ ಸರಿಹೋಗುತ್ತದೆ ನೋಡೋಣ. ಬಾಗಿದ ಐಪೀಸಿನ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ಐಪೀಸ್ ಕೊಳವೆಯ ನಡುಗೆರೆಯ ನೇರಕ್ಕೇ ಇರುತ್ತದೆ. ಮೇಲಕ್ಕೆ ಬಾಗಿರುತ್ತದೆಯೇ ಹೊರತು ಪಕ್ಕಕ್ಕೆ ಸರಿದಿರುವುದಿಲ್ಲ. ಪಕ್ಕಕ್ಕೆ ತಿರುಗಿಸಿದರೆ ಐಪೀಸೂ ಓರೆಯಾಗಿ ಬೇರೆ ಕಡೆ ಮುಖ ಮಾಡುತ್ತದೆ. ಹಾಗಾಗಿ ಎರಡು ಐಪೀಸುಗಳ ಅಂತರ ಸ್ಕೋಪಿನ ಅತಿ ದಪ್ಪ ಭಾಗದ ಅಗಲಕ್ಕಿಂತ ಕಡಿಮೆ ಆಗುವುದೇ ಇಲ್ಲ. ಈ ಥರದ್ದೇ ಬೇಕು ಅಂದರೆ 50 ಮಿ.ಮೀ. ಲೆನ್ಸಿನದ್ದು ನೋಡಿ, ಅದೂ ಅಗಲ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದುಕೊಂಡು ಹೋಗಿ.

ನಾನು ಹೇಳುವುದು ನೇರ ಐಪೀಸಿನ ಪೊರೊ ಪ್ರಿಸಂ ಸ್ಕೋಪ್. ಇಗ್ನಾಜಿಯೊ ಪೊರೊ ಅನ್ನುವ ಇಟಲಿಯವನು 1854ರಲ್ಲಿ ಹಕ್ಕು ಪಡೆದ ಪ್ರಿಸಂ ಜೋಡಿ ಇದು. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವಾಗ ಬೆಳಕಿನ ದಾರಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಬಿಡುತ್ತದೆ. ಹಾಗಾಗಿ ಐಪೀಸ್ ಕೊಳವೆಯ ನಡುಗೆರೆಗಿಂತ ಒಂದಿಷ್ಟು ಮೇಲಕ್ಕೆ ಕೂತಿರುತ್ತದೆ. ಹಳೇ ಕಾಲದ ದುರ್ಬೀನುಗಳ ಭುಜ ಅಗಲವಾಗಿ, ಕಣ್ಣಿನ ಕಡೆ ಕಿರಿದಾಗಿರುವುದಕ್ಕೆ ಇದೇ ಕಾರಣ. ನಮಗೆ ಬೇಕಾಗಿರುವುದೂ ಈ ಸರಿದ ದೂರವೇ. ಎರಡೂ ಸ್ಕೋಪನ್ನು ಅವುಗಳ ಅಕ್ಷದ ಮೇಲೆ ಒಳಮುಖವಾಗಿ ತಿರುಗಿಸಿದರೆ ಐಪೀಸುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಹಾಗೆ ತಿರುಗಿಸಿದರೂ ಚಿತ್ರ ಓರೆಯಾಗುವುದಿಲ್ಲ, ಯಾಕೆಂದರೆ ಲೆನ್ಸ್ ಚಿತ್ರವನ್ನು ಅರ್ಧ ಸುತ್ತು ತಿರುಗಿಸುತ್ತದೆ, ಪ್ರಿಸಂ ಇನ್ನರ್ಧ ಸುತ್ತು ತಿರುಗಿಸಿ ಮೊದಲಿನ ಜಾಗಕ್ಕೇ ತರುತ್ತದೆ.

ನನ್ನ ಜೋಡಿಯ ಲೆಕ್ಕ ಹೀಗಿದೆ. ಸ್ಕೋಪಿನ ಅತಿ ಅಗಲ 92 ಮಿ.ಮೀ. ನಡುವೆ 4 ಮಿ.ಮೀ. ಸಂದು ಬಿಟ್ಟರೆ ಕೊಳವೆಗಳ ನಡುಗೆರೆಯಿಂದ ನಡುಗೆರೆಗೆ 96. ಐಪೀಸ್ ಸರಿದಿರುವುದು 24 ಮಿ.ಮೀ. ಎರಡನ್ನೂ 45 ಡಿಗ್ರಿ ಒಳಕ್ಕೆ ತಿರುಗಿಸಿದರೆ ಒಂದೊಂದೂ 17 ಮಿ.ಮೀ. ಒಳಗೆ ಬರುತ್ತದೆ. 96ರಲ್ಲಿ 34 ಕಳೆದರೆ 62. ಸರಿಯಾಗಿ ನನ್ನ ಕಣ್ಣಿನ ಅಂತರ. ಅಮ್ಮನ 58ಕ್ಕೆ 52 ಡಿಗ್ರಿ ಬೇಕು. ನಿಮ್ಮ ಸ್ಕೋಪಿನ ಲೆಕ್ಕ ಬೇರೆ ಬರುತ್ತದೆ. ಕಾಗದದ ಮೇಲೆ ನಿಜ ಅಳತೆಯ ಎರಡು ವೃತ್ತ ಬರೆದು, ಐಪೀಸಿನ ವೃತ್ತವನ್ನು ಬೇರೆ ಕಾಗದದಲ್ಲಿ ಕತ್ತರಿಸಿ ಇಟ್ಟು ತಿರುಗಿಸಿ ನೋಡಿದರೆ ತ್ರಿಕೋನಮಿತಿ ಏನೂ ಬೇಡ.

ಅದೇ ಕಾಗದದಲ್ಲಿ ಮೂಗಿನ ಜಾಗವನ್ನೂ ನೋಡಿಕೊಳ್ಳಿ. ಜೂಮ್ ಐಪೀಸುಗಳು ದಪ್ಪ. ರಬ್ಬರ್ ಬಟ್ಟಲು ಸೇರಿ ಒಂದೊಂದು 50 ಮಿ.ಮೀ. ಇದ್ದರೆ, 58ರ ಅಂತರದಲ್ಲಿ ಮೂಗಿಗೆ ಉಳಿಯುವುದು ಬರೀ 8 ಮಿ.ಮೀ. ಯಾರ ಮೂಗೂ ಅಲ್ಲಿ ಹಿಡಿಯುವುದಿಲ್ಲ. ನಮ್ಮದು 42 ಇತ್ತು, 16 ಮಿ.ಮೀ. ಉಳಿಯಿತು, ಸಾಕಾಯಿತು. ಫೋಕಸ್ ತಿರುಗಿಸುವ ಗುಬುಟೂ ಎಲ್ಲಿ ಬರುತ್ತದೆ ಗುರುತು ಹಾಕಿ. ಒಂದು ಸ್ಕೋಪಿನ ಗುಬುಟು ಇನ್ನೊಂದರ ಮೈಗೆ ತಾಗಿದರೆ ಅಂತರ ಜಾಸ್ತಿ ಬಿಡಬೇಕಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಸ್ಕೋಪಿಗೆ ತಿರುಗುವ ಕಾಲರ್ ಇರಬೇಕು. ಅಂದರೆ ಟ್ರೈಪಾಡಿಗೆ ಹಾಕುವ ಪಾದ ಕೆಳಗೇ ಇದ್ದು, ಸ್ಕ್ರೂ ಸಡಿಲಿಸಿದರೆ ಕೊಳವೆ ಮಾತ್ರ ಬಳೆಯೊಳಗೆ ತಿರುಗುವಂತಿರಬೇಕು. ಅದು ಇದ್ದರೆ ಅರ್ಧ ಕೆಲಸ ಕಂಪನಿಯವರೇ ಮಾಡಿಕೊಟ್ಟ ಹಾಗೆ.

ಅಂಗಡಿಯಲ್ಲಿ ನೋಡಬೇಕಾದ್ದು

ಎರಡೂ ಒಂದೇ ಮಾದರಿ ಆಗಿರಬೇಕು, ಸಾಧ್ಯವಾದರೆ ಒಂದೇ ಸಲ ಕೊಂಡಿದ್ದಾಗಿರಬೇಕು. ಒಂದು ಹಳೆಯದು, ಒಂದು ಹೊಸದು ಆದರೆ ಬಣ್ಣವೇ ಬೇರೆ ಕಾಣಬಹುದು.

ಎದುರಿನ ಕಟ್ಟಡದ ನೆಟ್ಟನೆಯ ಮೂಲೆಯನ್ನು ಎರಡರಲ್ಲೂ ನೋಡಿ. ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಚೂರು ವಾಲಿ ಕಂಡರೆ ಅದನ್ನು ತೆಗೆದುಕೊಳ್ಳಬೇಡಿ. ಒಳಗಿನ ಪ್ರಿಸಂ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಹೊರಗಿನ ಯಾವ ಸ್ಕ್ರೂ ತಿರುಗಿಸಿದರೂ ಆ ವಾಲುವಿಕೆ ಹೋಗುವುದಿಲ್ಲ.

ಆಮೇಲೆ ಜೂಮ್. 20ರಿಂದ 60 ಪಟ್ಟು ಅಂತ ಬರೆದಿರುವ ಎರಡು ಐಪೀಸುಗಳನ್ನು 40ರ ಗುರುತಿಗೆ ತಂದರೂ ಎರಡೂ ಒಂದೇ 40 ಆಗಿರುವುದಿಲ್ಲ. ಚಿತ್ರದ ಗಾತ್ರದಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೂ ಕಣ್ಣು ನೋಯುತ್ತದೆ. 20ರ ತುದಿಯಲ್ಲಿ ಮಾತ್ರ ಉಂಗುರ ಗಟ್ಟಿಯಾಗಿ ತಡೆದು ನಿಲ್ಲುತ್ತದೆ, ಅಲ್ಲಿ ಎರಡೂ ಹೊಂದುತ್ತವೆ. ನಾನು ಎರಡೂ ಉಂಗುರಕ್ಕೆ ಟೇಪ್ ಸುತ್ತಿ 20ರಲ್ಲೇ ಬಿಟ್ಟಿದ್ದೇನೆ. ಕಡಿಮೆ ಅನ್ನಿಸಬಹುದು. ಆದರೆ 80 ಮಿ.ಮೀ. ಲೆನ್ಸಿಗೆ 20 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಡ್ಡಿ 4 ಮಿ.ಮೀ. ದಪ್ಪ ಇರುತ್ತದೆ. 60 ಪಟ್ಟಿನಲ್ಲಿ ಅದು 1.3 ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ಸಣ್ಣ ಕಡ್ಡಿ ಎರಡನ್ನು ಎರಡು ಪಾಪೆಗೆ ಒಟ್ಟಿಗೇ ಸೇರಿಸಿ ಹಿಡಿಯುವುದು ತುಂಬಾ ಕಷ್ಟ.

ಬೇಕಾಗುವ ಸಾಮಾನು

ಅಡಿ ತಟ್ಟೆಗೆ 300 × 200 ಮಿ.ಮೀ. ಅಳತೆಯ, 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ತೂಕ ಸುಮಾರು 1.6 ಕೆ.ಜಿ. ಬರುತ್ತದೆ. ಅದು ಜಾಸ್ತಿ ಅನ್ನಿಸಿದರೆ 12 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದರೂ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಅದು ಒಂದಿಷ್ಟು ಉಬ್ಬುತ್ತದೆ, ಕೂಡಿಸಿದ್ದು ಕೆಡುತ್ತದೆ. ಸ್ಕೋಪ್ ಕೂರಿಸುವುದಕ್ಕೆ 280 × 60 × 8 ಮಿ.ಮೀ. ಪಟ್ಟಿ ಎರಡು. 25 ಮಿ.ಮೀ. ಎಲ್ ಆಂಗಲ್ ತುಂಡು ಎರಡು. ಎಂ6 ಬೋಲ್ಟು (ಅಂದರೆ 6 ಮಿ.ಮೀ. ದಪ್ಪದ್ದು) ನಾಲ್ಕು, ಗಟ್ಟಿ ಸ್ಪ್ರಿಂಗ್ ಎರಡು, ಎಂ5 ಬೋಲ್ಟು ಒಂದು, ಎಂ4 ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಮೂರು, ಅವಕ್ಕೆಲ್ಲ ನಟ್ಟು, ವಾಶರ್. ಹಳೇ ಸೈಕಲ್ ಟ್ಯೂಬು, ವೆಲ್ಕ್ರೋ ಪಟ್ಟಿ, ಎರಡು ಮರದ ತುಂಡು.

ನಾನು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಕಡೆ ಒಂದು ಲೇತ್ ಶಾಪಿನಲ್ಲಿ ತಟ್ಟೆ ಕತ್ತರಿಸಿಕೊಂಡೆ. ಉಳಿಕೆ ತುಂಡು ಕೇಳಿದರೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ತೂತು ಮನೆಯ ಡ್ರಿಲ್ಲಿನಲ್ಲೇ ಹಾಕಬಹುದು, ಆದರೆ ತಟ್ಟೆಯ ಅಂಚು ನೇರ ಬರಬೇಕಾದರೆ ಮೆಷಿನ್ನೇ ಬೇಕು.

ಟ್ರೈಪಾಡ್ ಸ್ಕ್ರೂಗೆ ಅಲೆದಾಡಬೇಡಿ. ಕ್ಯಾಮೆರಾ ಟ್ರೈಪಾಡಿನದ್ದು ಕಾಲಿಂಚಿನ ಸ್ಕ್ರೂ, ಇಂಚಿಗೆ 20 ಎಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ವಿಟ್‌ವರ್ತ್ ಬೋಲ್ಟಿಗೂ ಇಂಚಿಗೆ 20 ಎಳೆಯೇ. ಎಳೆಯ ಕೋನ ಸ್ವಲ್ಪ ಬೇರೆ ಆದರೂ ಈ ಕೆಲಸಕ್ಕೆ ಚೆನ್ನಾಗಿ ಕೂರುತ್ತದೆ. ಅರ್ಧ ಇಂಚು ಉದ್ದದ್ದೇ ತನ್ನಿ. ಸ್ಕೋಪಿನ ಪಾದದ ತೂತು ಆಳ ಇರುವುದಿಲ್ಲ, ಉದ್ದದ ಬೋಲ್ಟ್ ಬಿಗಿದರೆ ಒಳಗೆ ಕುತ್ತುತ್ತದೆ.

ಕೊರೆದು ಕೂರಿಸುವುದು

ಎಡ ಸ್ಕೋಪ್ ಕದಲಬಾರದು, ಬಲ ಸ್ಕೋಪ್ ಮಾತ್ರ ಕೂದಲೆಳೆಯಷ್ಟು ಕದಲಬೇಕು. ಇಡೀ ರಚನೆ ಇಷ್ಟೇ.

ಎಡ ಪಟ್ಟಿಯನ್ನು ಅಡಿ ತಟ್ಟೆಗೆ ಮೂರು ಎಂ6 ಬೋಲ್ಟಿನಲ್ಲಿ ಬಿಗಿಯಿರಿ. ನಡುವೆ ವಾಶರ್ ಸೇರಿಸಿ 4 ಮಿ.ಮೀ. ಎತ್ತರ ಬಿಡಿ. ಬಲ ಪಟ್ಟಿಯೂ ಅಷ್ಟೇ ಎತ್ತರದಲ್ಲಿ ತೇಲುತ್ತಿರುತ್ತದೆ, ಎರಡೂ ಸಮ ಇರಲಿ ಅಂತ ಈ ವಾಶರ್. ಎರಡು ಪಟ್ಟಿಗಳ ನಡುಗೆರೆಗಳ ಅಂತರ 96 ಮಿ.ಮೀ., ಅಂದರೆ ನಿಮ್ಮ ಕಾಗದದ ಲೆಕ್ಕದಲ್ಲಿ ಬಂದ ಸಂಖ್ಯೆ.

ಬಲ ಪಟ್ಟಿಯ ಮುಂದಿನ ತುದಿಯಿಂದ 40 ಮಿ.ಮೀ. ಒಳಗೆ ಒಂದೇ ಎಂ6 ಬೋಲ್ಟು. ಅದರ ತಲೆಯ ಕೆಳಗೆ ಗಟ್ಟಿ ಸ್ಪ್ರಿಂಗ್, ಪಟ್ಟಿಯ ಕೆಳಗೆ 4 ಮಿ.ಮೀ. ವಾಶರ್. ಪಟ್ಟಿ ಈ ಬೋಲ್ಟಿನ ಮೇಲೆ ಬಾಗಿಲ ತಿರುಗಣಿಯ ಹಾಗೆ ಎಡಬಲಕ್ಕೆ ತಿರುಗುತ್ತದೆ, ಸ್ಪ್ರಿಂಗ್ ಇರುವುದರಿಂದ ಮೇಲೆ ಕೆಳಗೂ ಬಾಗುತ್ತದೆ.

ಹಿಂದಿನ ತುದಿಯಿಂದ 40 ಮಿ.ಮೀ. ಒಳಗೆ ಮೂರು ಕೆಲಸ. ಅಡಿ ತಟ್ಟೆಗೆ ಎಂ4 ಟ್ಯಾಪ್ (ತೂತಿನೊಳಗೆ ಸ್ಕ್ರೂ ಎಳೆ ಕೊರೆಯುವ ಉಪಕರಣ) ಹೊಡೆದು, ಕೆಳಗಿನಿಂದ ಒಂದು ಸ್ಕ್ರೂ ಬಂದು ಪಟ್ಟಿಯನ್ನು ಮೇಲಕ್ಕೆ ತಳ್ಳುವಂತೆ ಮಾಡಿ. ಅದರ ಪಕ್ಕದಲ್ಲೇ ಎಂ5 ಬೋಲ್ಟು ಮತ್ತು ಸ್ಪ್ರಿಂಗ್ ಪಟ್ಟಿಯನ್ನು ಕೆಳಕ್ಕೆ ಎಳೆದಿಡುತ್ತದೆ. ಪಟ್ಟಿಯಲ್ಲಿ ಈ ಬೋಲ್ಟಿನ ತೂತು ಸ್ವಲ್ಪ ದೊಡ್ಡದಿರಲಿ, ಇಲ್ಲದಿದ್ದರೆ ಪಕ್ಕಕ್ಕೆ ಕದಲುವುದಿಲ್ಲ. ಇನ್ನು ಪಟ್ಟಿಯ ಎರಡೂ ಪಕ್ಕ ಎಲ್ ಆಂಗಲ್ ನಿಲ್ಲಿಸಿ, ಒಂದೊಂದರಲ್ಲಿ ಒಂದು ಎಂ4 ಸ್ಕ್ರೂ ಅಡ್ಡಲಾಗಿ ಬಂದು ಪಟ್ಟಿಯನ್ನು ಒತ್ತಬೇಕು. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಸ್ಕೋಪಿನ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ.

ಎಂ4 ಟ್ಯಾಪಿಗೆ 3.3 ಮಿ.ಮೀ. ಡ್ರಿಲ್, ಎಂ6ಕ್ಕೆ 5 ಮಿ.ಮೀ. ಅಲ್ಯೂಮಿನಿಯಂ ಅಂಟಿಕೊಂಡರೆ ಟ್ಯಾಪ್ ಮುರಿಯುತ್ತದೆ. ಎರಡು ಹನಿ ಸೀಮೆಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋಗಿ.

ಸ್ಕೋಪಿನ ಪಾದವನ್ನು ಕಾಲಿಂಚಿನ ಬೋಲ್ಟಿನಲ್ಲಿ ಪಟ್ಟಿಗೆ ಬಿಗಿಯಬೇಕು. ಬೋಲ್ಟಿನ ತಲೆ ಪಟ್ಟಿಯ ಕೆಳಗೆ ಬರುತ್ತದೆ, ಅಲ್ಲಿ ಬರೀ 4 ಮಿ.ಮೀ. ಸಂದು. ಹಾಗಾಗಿ ಅದರ ನೇರಕ್ಕೆ ಅಡಿ ತಟ್ಟೆಯಲ್ಲಿ 25 ಮಿ.ಮೀ.ಯ ದೊಡ್ಡ ತೂತು ಹಾಕಿಬಿಡಿ. ತಲೆಗೂ ಜಾಗ ಆಯಿತು, ಸ್ಪ್ಯಾನರ್ ಹಾಕುವುದಕ್ಕೂ ಆಯಿತು. ಇದು ನನಗೆ ಎಲ್ಲಾ ಜೋಡಿಸಿದ ಮೇಲೆ ಗೊತ್ತಾಗಿ ಮತ್ತೆ ಬಿಚ್ಚಬೇಕಾಯಿತು.

ಒಂದೇ ಪಾದದ ಮೇಲೆ ನಿಂತ ಸ್ಕೋಪಿನ ಮೂತಿ ತೂಗಾಡುತ್ತದೆ. ಮರದ ತುಂಡಿನಲ್ಲಿ ವಿ ಆಕಾರದ ಕೊರಕಲು ಮಾಡಿ, ಸೈಕಲ್ ಟ್ಯೂಬ್ ಅಂಟಿಸಿ, ಪಟ್ಟಿಯ ಮುಂದಿನ ತುದಿಯಲ್ಲಿ ಕೊಳವೆಗೆ ಆನಿಸಿ. ಮೇಲೆ ವೆಲ್ಕ್ರೋ ಪಟ್ಟಿ ಸುತ್ತಿ. ಬಲಗಡೆಯ ಮರದ ತುಂಡು ಕದಲುವ ಪಟ್ಟಿಯ ಮೇಲೆಯೇ ಇರಬೇಕು, ಅಡಿ ತಟ್ಟೆಯ ಮೇಲಲ್ಲ. ಅಡಿ ತಟ್ಟೆಗೆ ಹಾಕಿದರೆ ಸ್ಕ್ರೂ ತಿರುಗಿಸಿದಾಗ ಸ್ಕೋಪಿನ ಮೈ ತಿರುಚಿಕೊಳ್ಳುತ್ತದೆ.

ಈಗ ಕಾಲರ್ ಸಡಿಲಿಸಿ ಎರಡೂ ಸ್ಕೋಪನ್ನು ಲೆಕ್ಕದಷ್ಟು ಒಳಕ್ಕೆ ತಿರುಗಿಸಿ. ಎರಡೂ ಐಪೀಸುಗಳ ಮೇಲೆ ಗಾರೆ ಕೆಲಸದವರ ರಸಮಟ್ಟ ಅಡ್ಡ ಇಟ್ಟು ಸಮ ಇದೆಯಾ ನೋಡಿ. ವರ್ನಿಯರಿನಲ್ಲಿ ನಡುವಿನ ಅಂತರ ಅಳೆದು ಕಾಲರ್ ಬಿಗಿಯಿರಿ.

ಎರಡು ಚಿತ್ರ ಒಂದಾಗಿಸುವುದು

ಇಲ್ಲಿಗೆ ಬಂದಾಗ ನೋಡಿದರೆ ಎರಡೆರಡು ಕಾಣುತ್ತದೆ. ಕೆಟ್ಟುಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ಹೀಗೇ.

ಎಷ್ಟು ಸರಿ ಇರಬೇಕು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕೆ ಕೋನದ ನಿಮಿಷ ಅನ್ನುತ್ತಾರೆ. ಹುಣ್ಣಿಮೆ ಚಂದ್ರನ ಅಗಲ ಇಂಥ ಸುಮಾರು 30 ನಿಮಿಷ. ನಮ್ಮ ಕಣ್ಣುಗಳು ಒಳಮುಖವಾಗಿ ತಿರುಗುವುದರಲ್ಲಿ ಗಟ್ಟಿ, ಹತ್ತಿರದ ಪುಸ್ತಕ ಓದುವಾಗ ದಿನವೂ ಮಾಡುವ ಕೆಲಸ ಅದು. ಹೊರಮುಖವಾಗಿ ತಿರುಗುವುದಕ್ಕೆ ಅವಕ್ಕೆ ಬರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ ನೋಡುವುದಂತೂ ಇನ್ನೂ ಕಷ್ಟ. ಮೇಲೆ ಕೆಳಗಿನ ತಪ್ಪು ಐಪೀಸಿನಲ್ಲಿ 15 ನಿಮಿಷದೊಳಗೆ ಇರಲಿ ಅಂತ ಇಟ್ಟುಕೊಳ್ಳಿ. 20 ಪಟ್ಟು ದೊಡ್ಡದಾಗುವುದರಿಂದ ಸ್ಕೋಪ್ ಮಟ್ಟದಲ್ಲಿ ಅದು ಮುಕ್ಕಾಲು ನಿಮಿಷ. ಅಂದರೆ ಚಂದ್ರನ ಅಗಲದ 40ನೇ ಒಂದು ಭಾಗ.

ಹೆದರಬೇಡಿ, ನಮ್ಮ ಸ್ಕ್ರೂ ಅಷ್ಟು ಸೂಕ್ಷ್ಮ ಇದೆ. ಎಂ4 ಸ್ಕ್ರೂ ಒಂದು ಸುತ್ತಿಗೆ 0.7 ಮಿ.ಮೀ. ಮುಂದೆ ಹೋಗುತ್ತದೆ. ಮುಂದಿನ ಬೋಲ್ಟಿಗೂ ಹಿಂದಿನ ಸ್ಕ್ರೂಗೂ 200 ಮಿ.ಮೀ. ದೂರ. ಹಾಗಾಗಿ ಒಂದು ಪೂರ್ತಿ ಸುತ್ತಿಗೆ ಸ್ಕೋಪ್ 12 ನಿಮಿಷ ತಿರುಗುತ್ತದೆ. ಅಲೆನ್ ಕೀಲಿಯನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ. 12ರಿಂದ 1ಕ್ಕೆ ತಂದರೆ ಸರಿಯಾಗಿ ಒಂದು ನಿಮಿಷ. ಈ 200 ಮಿ.ಮೀ. ಅಳತೆಯನ್ನು ನಾನು ಬೇಕೆಂದೇ ಇಟ್ಟೆ. "ಒಂದು ಗಂಟೆ ಬಲಕ್ಕೆ, ಅರ್ಧ ಗಂಟೆ ಎಡಕ್ಕೆ" ಅಂತ ಹೇಳಿಕೊಂಡು ಕೆಲಸ ಮಾಡುವುದು ಎಷ್ಟು ಸುಲಭ ಅನ್ನುವುದು ಕೂತಾಗ ಗೊತ್ತಾಗುತ್ತದೆ.

ಹಗಲಿನಲ್ಲಿ ಶುರು ಮಾಡಿ. ಗುರಿ ಒಂದು ಕಿಲೋಮೀಟರಿಗಿಂತ ದೂರ ಇರಬೇಕು. 100 ಮೀಟರ್ ದೂರದ ಟ್ಯಾಂಕು ನೋಡಿ ಕೂಡಿಸಿದರೆ, ಎರಡು ಸ್ಕೋಪುಗಳ ನಡುವಿನ ಅಂತರದಿಂದಲೇ 3 ನಿಮಿಷಕ್ಕೂ ಜಾಸ್ತಿ ತಪ್ಪು ಬರುತ್ತದೆ. ಒಂದು ಕಿಲೋಮೀಟರಿನಲ್ಲಿ ಅದು ನಿಮಿಷದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾನು ದೂರದ ಮೊಬೈಲ್ ಟವರಿನ ತುದಿ ಇಟ್ಟುಕೊಂಡೆ. ಗಾಳಿ ತಿಳಿಯಾಗಿದ್ದ ಬೆಳಗ್ಗೆ ದೇವರಾಯನದುರ್ಗದ ಬೆಟ್ಟದ ಅಂಚೂ ಚೆನ್ನಾಗಿ ಸಿಗುತ್ತದೆ.

ಮೊದಲು ಒಂದೊಂದೇ ಕಣ್ಣಲ್ಲಿ ನೋಡಿ ಎರಡರ ಫೋಕಸ್ ಸರಿಮಾಡಿ. ಎಡಗಡೆಯಲ್ಲಿ ಟವರಿನ ತುದಿ ನಡುವೆ ಬರುವಂತೆ ಇಡೀ ತಟ್ಟೆಯನ್ನು ತಿರುಗಿಸಿ ಟ್ರೈಪಾಡ್ ಬಿಗಿಯಿರಿ. ಬಲಗಡೆ ನೋಡಿ, ಅಲ್ಲೂ ತುದಿ ನಡುವೆ ಬರುವ ತನಕ ಸ್ಕ್ರೂ ತಿರುಗಿಸಿ. ಇದು ದಪ್ಪ ಹೊಂದಿಕೆ.

ಮೇಲೆ ಕೆಳಗಿನ ತಪ್ಪಿಗೆ ಮೊಬೈಲ್ ಫೋನ್ ಒಳ್ಳೇ ಸಾಕ್ಷಿ. ಐಪೀಸುಗಳ ಹಿಂದೆ ಒಂದು ಚಪ್ಪಟೆ ಹಲಗೆ ಅಲುಗದ ಹಾಗೆ ನಿಲ್ಲಿಸಿ. ಫೋನನ್ನು ಅದರ ಮೇಲೆ ಅಡ್ಡವಾಗಿ ನಿಲ್ಲಿಸಿ ಎಡ ಐಪೀಸಿನಿಂದ ಒಂದು ಫೋಟೊ ತೆಗೆಯಿರಿ. ಹಾಗೇ ಜಾರಿಸಿ ಬಲ ಐಪೀಸಿಗೆ ತಂದು ಇನ್ನೊಂದು. ಎರಡರಲ್ಲೂ ಟವರಿನ ತುದಿ ಚೌಕಟ್ಟಿನ ತಳದಿಂದ ಒಂದೇ ಎತ್ತರದಲ್ಲಿ ಇದೆಯಾ ನೋಡಿ. ಕಣ್ಣು ಸುಳ್ಳು ಹೇಳಬಹುದು, ಅದು ತಪ್ಪನ್ನು ತಾನೇ ನುಂಗಿಕೊಂಡು ಎರಡನ್ನೂ ಒಂದು ಮಾಡಲು ಒದ್ದಾಡುತ್ತಿರುತ್ತದೆ. ಫೋಟೊ ಹಾಗೆ ಮಾಡುವುದಿಲ್ಲ. ಎಡಬಲದ ತಪ್ಪಿಗೆ ಮಾತ್ರ ಈ ಉಪಾಯ ಅಷ್ಟು ನಂಬುವಂಥದ್ದಲ್ಲ, ಜಾರಿಸುವಾಗ ಫೋನ್ ಚೂರು ತಿರುಗಿದರೂ ಲೆಕ್ಕ ಕೆಡುತ್ತದೆ.

ಕೊನೆಯ ಹೊಂದಿಕೆ ರಾತ್ರಿ, ನಕ್ಷತ್ರದ ಮೇಲೆ. ಬೇರೆ ನಕ್ಷತ್ರ ಆದರೆ ಭೂಮಿ ತಿರುಗುವುದರಿಂದ ಗಡಿಯಾರದ ನಾಲ್ಕು ನಿಮಿಷದಲ್ಲಿ ಒಂದು ಡಿಗ್ರಿಯ ತನಕ ಸರಿದುಹೋಗುತ್ತದೆ. ಧ್ರುವ ನಕ್ಷತ್ರ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿರುತ್ತದೆ. ತುಮಕೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಧ್ರುವವೂ ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ. ನೇರ ಐಪೀಸಿನ ದುರ್ಬೀನಿಗೆ ಕತ್ತು ನೋಯದ ಎತ್ತರ ಅದು. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಹೆಚ್ಚು ಕಡಿಮೆ ಇದೇ ಎತ್ತರ.

ಎಡ ಸ್ಕೋಪಿನ ಫೋಕಸ್ ಕೆಡಿಸಿ. ನಕ್ಷತ್ರ ಒಂದು ಮಬ್ಬು ತಟ್ಟೆಯಾಗುತ್ತದೆ. ಬಲಗಡೆ ಚೂಪಾದ ಚುಕ್ಕೆಯಾಗಿಯೇ ಇರಲಿ. ಎರಡೂ ಕಣ್ಣು ತೆರೆದು ಸಡಿಲವಾಗಿ ನೋಡಿ. ತಟ್ಟೆಯೂ ಚುಕ್ಕೆಯೂ ಬೇರೆ ಬೇರೆ ಥರ ಕಾಣುವುದರಿಂದ ಮಿದುಳು ಅವನ್ನು ಎಳೆದು ಸೇರಿಸಲು ಹೋಗುವುದಿಲ್ಲ. ಚುಕ್ಕೆ ತಟ್ಟೆಯ ನಡುವೆ ಬರಬೇಕು. ಮೊದಲು ಎತ್ತರದ ಸ್ಕ್ರೂ, ಆಮೇಲೆ ಪಕ್ಕದವು. ಒಂದು ಗಂಟೆಯಷ್ಟು ತಿರುಗಿಸಿ, ಚುಕ್ಕೆ ತಟ್ಟೆಯ ಕಡೆ ಬಂತಾ, ದೂರ ಹೋಯಿತಾ ನೋಡಿ, ಅದರಂತೆ ಮುಂದುವರಿಸಿ. ಎರಡು ನಿಮಿಷ ಕಣ್ಣಿಗೆ ಬಿಡುವು ಕೊಟ್ಟು ಮತ್ತೆ ನೋಡಿ. ಮೂರು ಸಲ ನೋಡಿದಾಗಲೂ ನಡುವೆ ಇದ್ದರೆ ನಟ್ಟುಗಳನ್ನು ಬಿಗಿಯಿರಿ. ಬಿಗಿಯುವಾಗ ಚೂರು ಕದಲುತ್ತದೆ, ಹಾಗಾಗಿ ಬಿಗಿದ ಮೇಲೂ ಒಮ್ಮೆ ನೋಡಬೇಕು.

ನನಗೆ ಇದಕ್ಕೆ ಮೂರು ರಾತ್ರಿ ಹಿಡಿಯಿತು. ಮೂರನೇ ರಾತ್ರಿ ಕೃತ್ತಿಕೆಯ ಕಡೆ ತಿರುಗಿಸಿದೆ. ಈ ದುರ್ಬೀನಿನ ನೋಟ ಸುಮಾರು 2 ಡಿಗ್ರಿ, ಕೃತ್ತಿಕೆ ಪೂರ್ತಿ ಅದರೊಳಗೆ ಹಿಡಿಯುತ್ತದೆ. ಬರಿಗಣ್ಣಿಗೆ ಆರೋ ಏಳೋ ಕಾಣುವ ಕಡೆ ಹತ್ತಾರು ನಕ್ಷತ್ರ ಹರಡಿಕೊಂಡಿದ್ದವು. ಅಮ್ಮ ಕುರ್ಚಿ ಎಳೆದುಕೊಂಡು ಕೂತರು. ಅವತ್ತು ಪಕ್ಕಕ್ಕೆ ಸರಿಯಲಿಲ್ಲ. "ಒಂದು ಚಾದರ ತಂದುಕೊಡೋ" ಅಂದರು ಅಷ್ಟೇ.

ಸ್ಟ್ಯಾಂಡು ಮತ್ತು ಸೂರ್ಯ

ಎಲ್ಲಾ ಸೇರಿ 4 ಕೆ.ಜಿ. ದಾಟುತ್ತದೆ. ಮೊಬೈಲಿಗೆ ಕೊಡುವ ತೆಳು ಟ್ರೈಪಾಡ್ ಇದಕ್ಕೆ ಆಗುವುದಿಲ್ಲ. ವಿಡಿಯೊ ಕ್ಯಾಮೆರಾದ ಟ್ರೈಪಾಡು, ಇಲ್ಲದಿದ್ದರೆ ಬಡಗಿ ಹತ್ತಿರ ಮರದ ಮೂರು ಕಾಲು ಮಾಡಿಸಿ. ತಟ್ಟೆಯನ್ನು ಒಂದು ಕೋಲಿನ ಮೇಲೆ ಅಡ್ಡ ಇಟ್ಟು ಎಲ್ಲಿ ತೂಕ ಸಮ ನಿಲ್ಲುತ್ತದೆ ನೋಡಿ, ಅಲ್ಲೇ ಟ್ರೈಪಾಡಿನ ತೂತು ಹಾಕಿ. ಇದನ್ನು ಸ್ಕೋಪ್ ಕೂರಿಸಿದ ಮೇಲೆಯೇ ಮಾಡಬೇಕು. ತಲೆ ಎತ್ತಿ ಆಕಾಶದ ನಡುನೆತ್ತಿ ನೋಡುವುದಕ್ಕೆ ಈ ನೇರ ಐಪೀಸಿನ ದುರ್ಬೀನು ಒಳ್ಳೆಯದಲ್ಲ. ಅರ್ಧ ಆಕಾಶದ ತನಕ ಆರಾಮ.

ಸೂರ್ಯನ ಕಡೆ ಯಾವತ್ತೂ ತಿರುಗಿಸಬೇಡಿ. ಒಂದು ಕ್ಷಣ ಸಾಕು, ಎರಡೂ ಕಣ್ಣು ಒಟ್ಟಿಗೇ ಹೋಗುತ್ತವೆ, ಸುಟ್ಟಾಗ ನೋವೂ ಗೊತ್ತಾಗುವುದಿಲ್ಲ. ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಹೋದಾಗ ಮಕ್ಕಳು ಸುಮ್ನೆ ಆ ಕಡೆ ತಿರುಗಿಸಿಬಿಡುತ್ತಾರೆ. ಸೂರ್ಯ ಮೇಲೆ ಇರುವಷ್ಟು ಹೊತ್ತು ಯಾರಾದರೂ ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು. ಬಳಸದಿದ್ದಾಗ ಮುಂದಿನ ಮುಚ್ಚಳ ಹಾಕಿಯೇ ಇಡಿ.

ಹೊರಗೆ ಒಯ್ಯುವಾಗ

ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗೂಡು ಕಟ್ಟುವ ಕಾಲದಲ್ಲಿ ದೂರ ನಿಂತು, ಮರದ ಕೆಳಗೆ ಹೋಗದೆ, ಮರಿಗೆ ತುತ್ತು ಕೊಡುವುದನ್ನು ಎರಡು ಕಣ್ಣಲ್ಲೂ ನೋಡುವುದು ಬೇರೆಯೇ ಅನುಭವ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಜನ ಕಂಡರೆ ದೂರ ಓಡುತ್ತವೆ. ಅಲ್ಲಿ ಈ ದುರ್ಬೀನು ಹೇಳಿ ಮಾಡಿಸಿದ ಹಾಗಿದೆ. ತೀರಾ ಹತ್ತಿರದ್ದಕ್ಕೆ ಮಾತ್ರ ಇದು ಬೇಡ. 30 ಮೀಟರ್ ಒಳಗೆ ಕೂತ ಹಕ್ಕಿಯನ್ನು ನೋಡಿದರೆ ಎರಡು ಚಿತ್ರ ಸೇರಿಸಲು ಕಣ್ಣು 4 ಡಿಗ್ರಿಯಷ್ಟು ಒಳಕ್ಕೆ ತಿರುಗಬೇಕಾಗುತ್ತದೆ, ಸ್ವಲ್ಪ ಹೊತ್ತಿಗೇ ತಲೆನೋವು.

ಬಸ್ಸಿನಲ್ಲಿ ಅಥವಾ ಬೈಕಿನಲ್ಲಿ ಒಯ್ದರೆ ಹೊಂದಿಕೆ ಚೂರು ಕದಲುತ್ತದೆ. ಇಳಿದ ತಕ್ಷಣ ದೂರದ ಟವರೋ, ಬಂಡೆಯ ತುದಿಯೋ ನೋಡಿ ಸರಿಮಾಡಿಕೊಳ್ಳಿ. ಅಲೆನ್ ಕೀಲಿಯನ್ನು ತಟ್ಟೆಗೇ ದಾರದಲ್ಲಿ ಕಟ್ಟಿಬಿಡಿ, ಜೇಬಿನಲ್ಲಿ ಇಟ್ಟರೆ ಮನೆಯಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚುವ ಡಬ್ಬಿಯಲ್ಲಿಡಿ, ಲೆನ್ಸಿಗೆ ಬೂಷ್ಟು ಹಿಡಿದರೆ ಬಿಡಿಸುವುದು ಕಷ್ಟ.

ಮನೆಯಲ್ಲಿ ಇಬ್ಬರು ನೋಡುವವರಿದ್ದರೆ ಕಾಲರ್ ಮೇಲೆ ಬಣ್ಣದ ಗೆರೆ ಹಾಕಿಕೊಳ್ಳಿ. ನಮ್ಮದರಲ್ಲಿ ಬಿಳಿ ಗೆರೆ ನನ್ನದು, ಕೆಂಪು ಗೆರೆ ಅಮ್ಮನದು. ಕಾಲರ್ ಮೇಲೆ ಆ ಎರಡು ಗೆರೆಗಳ ನಡುವೆ ನಾಲ್ಕೂವರೆ ಮಿ.ಮೀ. ಅಂತರ. ಸ್ಕೋಪನ್ನು ಕಾಲರಿನಲ್ಲಿ ತಿರುಗಿಸಿದಾಗ ಹೊಂದಿಕೆಯೂ ಸ್ವಲ್ಪ ತಪ್ಪುತ್ತದೆ, ಯಾಕೆಂದರೆ ಕೊಳವೆಯ ಅಕ್ಷವೂ ಬೆಳಕಿನ ದಾರಿಯೂ ಪೂರ್ತಿ ಒಂದೇ ಆಗಿರುವುದಿಲ್ಲ. ಆದರೆ ಪ್ರತಿ ಸಲ ತಪ್ಪುವುದು ಒಂದೇ ಅಳತೆ. ಹಾಗಾಗಿ ಅದನ್ನು ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಅಡಿಗೆ ಅಂಟಿಸಿದ್ದೇನೆ: "ಅಮ್ಮನಿಗೆ: ಎತ್ತರ ಎರಡು ಗಂಟೆ ಬಲಕ್ಕೆ, ಪಕ್ಕದ್ದು ಒಂದು ಗಂಟೆ ಎಡಕ್ಕೆ."